ಆಯಿಗೆ ವಿಚ್, ಅಪ್ಪಯ್ಯನಿಗೆ ಹೂ

ನನ್ನ ಹತ್ತಿರ ಒಂದು ಸೂತ್ರವಿತ್ತು. ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಜೋಡಿಸಿ ಒಂದು ಮಾಡುವಾಗ ನಡುವೆ ‘ಹೂ’ ಹಾಕಬೇಕೋ ‘ವಿಚ್’ ಹಾಕಬೇಕೋ ಎಂದು ಮಕ್ಕಳು ತಲೆ ಕೆರೆದುಕೊಳ್ಳುತ್ತಾರಲ್ಲ, ಅದಕ್ಕೆಂದು ನಾನೇ ಕಂಡುಹಿಡಿದ ಸೂತ್ರ. ಕನ್ನಡಕ್ಕೆ ಈ ತಾಪತ್ರಯವಿಲ್ಲ. ಹಾಲು ತರುವ ಹುಡುಗ, ಹಾಲು ತರುವ ಗಾಡಿ ಎಂದು ಎರಡಕ್ಕೂ ಒಂದೇ ‘ತರುವ’ ಇಟ್ಟು ಮುಂದೆ ಹೋಗುತ್ತೇವೆ. ಇಂಗ್ಲಿಷು ಹಾಗಲ್ಲ. ಅದಕ್ಕೆ ಹುಡುಗ ಬೇರೆ, ಗಾಡಿ ಬೇರೆ.

ಸೂತ್ರ ಇಷ್ಟೇ. ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಹೆಸರನ್ನು ತೆಗೆದು ಆ ಜಾಗದಲ್ಲಿ ಸರ್ವನಾಮ ಇಡಿ. ‘ಅವನು, ಅವಳು, ಅವರು’ ಬಂದರೆ ಹೂ. ‘ಅದು, ಅವು’ ಬಂದರೆ ವಿಚ್. ನೆನಪಿಗೆ ಇರಲೆಂದು ಒಂದು ಬಾಲವನ್ನೂ ಸೇರಿಸಿದ್ದೆ: “ಹೂ ಕೊಡೂದು ಮನುಷ್ಯರಿಗೆ, ಸಾಮಾನಿಗಲ್ಲ.” ಹಾನಗಲ್ ಕಡೆಯ ನನ್ನ ಹಳೆಯ ಶಾಲೆಯಲ್ಲಿ ಇದು ಒಂದು ವರ್ಷವೂ ಕೈಕೊಟ್ಟಿರಲಿಲ್ಲ. ‘ಮಗು ಅತ್ತಿತು’ ಎಂಬಲ್ಲಿ ಮಾತ್ರ ತೊಡಕಾಗುತ್ತಿತ್ತು. ಆದರೆ ಎಳೆಗೂಸಿಗೆ ವಿಚ್ ಹಾಕಿದರೆ ಇಂಗ್ಲಿಷಿನವರೂ ಒಪ್ಪುತ್ತಾರೆಂದು ತಿಳಿದ ಮೇಲೆ ನನ್ನ ಗರ್ವ ಇನ್ನೊಂದು ಗೇಣು ಬೆಳೆಯಿತು.

ಸಿದ್ದಾಪುರ ತಾಲೂಕಿನ ಒಂದು ಹೈಸ್ಕೂಲಿಗೆ ವರ್ಗವಾಗಿ ಬಂದಾಗ ಟ್ರಂಕಿನ ಜೊತೆ ಈ ಸೂತ್ರವನ್ನೂ ತಂದಿದ್ದೆ. ಶಿರಸಿಯಲ್ಲಿ ಒಂದು ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ದೀಪಾವಳಿ ರಜೆ ಮುಗಿದ ವಾರ ಹತ್ತನೇ ತರಗತಿಗೆ ಸೂತ್ರ ಹೇಳಿಕೊಟ್ಟು, ‘ನಮ್ಮ ಮನೆಯವರು’ ಎಂಬ ವಿಷಯದ ಮೇಲೆ ಹತ್ತು ವಾಕ್ಯ ಬರೆದು ತರಲು ಹೇಳಿದೆ. ಪ್ರತಿ ವಾಕ್ಯದಲ್ಲೂ ಒಂದು ಹೂ ಅಥವಾ ವಿಚ್ ಇರಲೇಬೇಕು.

ಮೊದಲ ಬೆಂಚಿನ ಹುಡುಗಿಯ ಪಟ್ಟಿ, ಅಂದರೆ ನೋಟ್‌ಬುಕ್ಕು, ರಾಶಿಯ ಮೇಲೆಯೇ ಸಿಕ್ಕಿತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಮಾರ್ಜಿನ್ ಕೂಡ ಸ್ಕೇಲ್ ಇಟ್ಟೇ ಎಳೆಯುತ್ತಿದ್ದಳು. ಅವಳ ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಆ ಕಡೆ ತಾಯಿಗೆ ಆಯಿ ಎನ್ನುತ್ತಾರೆ. ಹುಡುಗಿಯ ಬಾಯಲ್ಲಿ ಕೇಳಿ ಕೇಳಿ ಶಾಲೆಗೆಲ್ಲ ಅವರು ಆಯಿಯೇ ಆಗಿದ್ದರು. ಪಟ್ಟಿಯ ಮೊದಲ ವಾಕ್ಯ ಹೀಗಿತ್ತು: “ಮೈ ಮದರ್ ಈಸ್ ಎ ಕುಕ್ ವಿಚ್ ಗೆಟ್ಸ್ ಅಪ್ ಅರ್ಲಿ.”

ಓದಿದವನು ಸುಮ್ಮನೆ ತಿದ್ದಿ ಕೊಡಬಹುದಿತ್ತು. ನನ್ನ ನಾಲಿಗೆ ಕೇಳಬೇಕಲ್ಲ. ಇಡೀ ತರಗತಿಗೆ ಕೇಳುವಂತೆ ಗಟ್ಟಿಯಾಗಿ ಓದಿ, “ಏನವ್ವಾ, ನಿಮ್ಮ ಆಯಿ ಮನುಷ್ಯಾಳೋ, ಅಡಗಿ ಮನಿ ಸಾಮಾನೋ?” ಎಂದು ಕೇಳಿದೆ. ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ, “ಸರ್, ವಿಚ್ ಅಂದ್ರೆ ಮಾಟಗಾತಿ! ಕಾರ್ಟೂನಲ್ಲಿ ಬತ್ತದೆ!” ಎಂದರು. ನಗು ಎರಡು ಪಟ್ಟಾಯಿತು. ಅಡುಗೆ ಕೋಣೆ ಅಂಗಳದ ಆಚೆ, ನಮ್ಮ ಕಿಟಕಿಗೆ ಎದುರು. ಅಲ್ಲಿ ಸೌಟಿನ ಸದ್ದು ನಿಂತದ್ದು ನನಗೆ ಕೇಳಿಸಿತ್ತು. ಹುಡುಗಿ ಪಟ್ಟಿ ಇಸಿದುಕೊಂಡು ಕುಳಿತಳು. ಅಳಲಿಲ್ಲ. ಸ್ಕೇಲ್ ಇಟ್ಟು ಆ ವಾಕ್ಯದ ಮೇಲೆ ಗೆರೆ ಎಳೆದಳು.

ಉಳಿದ ಪಟ್ಟಿಗಳನ್ನು ಸ್ಟಾಫ್ ರೂಮಿಗೆ ಒಯ್ದು ನೋಡಿದರೆ ನನಗೆ ದಿಗಿಲಾಯಿತು. ಅರ್ಧದಷ್ಟು ಮಕ್ಕಳು ಹಾಗೆಯೇ ಬರೆದಿದ್ದರು. ಅಪ್ಪಯ್ಯನಿಗೆ ಹೂ, ಅಣ್ಣನಿಗೆ ಹೂ, ಅಜ್ಜನಿಗೆ ಹೂ. ಆಯಿಗೆ ವಿಚ್, ಅಕ್ಕನಿಗೆ ವಿಚ್, ಅಜ್ಜಿಗೆ ವಿಚ್. ಗಂಡಸರದ್ದು ಒಂದೂ ತಪ್ಪಿಲ್ಲ, ಹೆಂಗಸರದ್ದು ಒಂದೂ ಸರಿಯಿಲ್ಲ. ಒಬ್ಬರನ್ನೊಬ್ಬರು ನೋಡಿ ಬರೆದರು ಎನ್ನೋಣವೆಂದರೆ ಒಂದೊಂದು ಪಟ್ಟಿಯ ವಾಕ್ಯವೂ ಬೇರೆ ಬೇರೆ. ನನಗೆ ಪಿತ್ತ ನೆತ್ತಿಗೇರಿತು. ಮನೆಯ ಹೆಂಗಸರನ್ನು ಸಾಮಾನಿನ ಲೆಕ್ಕಕ್ಕೆ ಹಿಡಿದಿದ್ದಾರೆ, ಹುಡುಗಿಯರು ಕೂಡ! ಮರುದಿನ ಪಾಠ ಬದಿಗಿಟ್ಟು ಇಡೀ ಪಿರಿಯಡ್ ಭಾಷಣ ಮಾಡಿದೆ. ಹೆಣ್ಣು ಅಂದ್ರ ಸಾಮಾನಲ್ಲ, ಹೆತ್ತ ತಾಯಿಗೆ ಗೌರವ ಕೊಡೂದನ್ನ ಮೊದಲು ಕಲೀರಿ, ಇಂಗ್ಲಿಷ್ ಆಮೇಲೆ ನೋಡೋಣು. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದವು. ಒಂದಕ್ಕೂ ಏನೂ ಅರ್ಥವಾಗಿರಲಿಲ್ಲ.

ಬೆವರು ಒರೆಸಿಕೊಳ್ಳುತ್ತ ಬಂದ ನನ್ನನ್ನು ಹಿಂದಿ ಅಕ್ಕೋರು ನೋಡಿದರು. ಅಕ್ಕೋರು ಎಂದರೆ ಇಲ್ಲಿ ಶಿಕ್ಷಕಿ. ಇವರು ಯಲ್ಲಾಪುರದವರು. “ಎಂತ ಆತು ಸರ್? ನಿಮ್ಮ ಭಾಷಣ ಎಂಟನೇ ಕ್ಲಾಸಿನವರೆಗೆ ಕೇಳ್ತಾ ಇತ್ತು.”

ನಾನು ಪಟ್ಟಿಗಳನ್ನು ಮುಂದೆ ಚೆಲ್ಲಿದೆ. ಅವರು ಒಂದೆರಡು ಪುಟ ತಿರುವಿ ಸಣ್ಣಗೆ ನಗತೊಡಗಿದರು. “ನೀವು ಯಾವ ರೂಲ್ ಹೇಳಿಕೊಟ್ಟಿದ್ರಿ?”

ಹೇಳಿದೆ.

“ಹಾಗಾದ್ರೆ ಇವು ಸರಿಯಾಗೇ ಬರೆದಿದ್ದಾವಲ್ಲ! ಇವರೆಲ್ಲ ಹವ್ಯಕರ ಮನೆಯ, ಹವಿಗನ್ನಡದ ಮಕ್ಕಳು ಸರ್. ನಮ್ಮ ಮನೆಮಾತಲ್ಲಿ ಹೆಂಗಸರಿಗೆ ‘ಅವಳು’ ಇಲ್ಲ. ಆಯಿ ಬಂತು, ಅಕ್ಕ ಹೋತು, ಅದಕ್ಕೆ ಜ್ವರ ಬಂಜು, ಹೀಗೇ ಹೇಳೋದು. ನಮ್ಮನೇಲಿ ನಮ್ಮತ್ತೆಯೂ ಅದು, ನಾನೂ ಅದು.”

“ಅತ್ತಿಗೂ ‘ಅದು’ ಅಂತೀರಿ?”

“ಮತ್ತೆಂತ ಹೇಳೋದು? ಬೇಜಾರು ಎಂಥದ್ದು ಅದ್ರಲ್ಲಿ? ‘ಅದು’ ಹೇಳಿದ್ರೇ ‘ನಮ್ಮದು’ ಹೇಳಿ ಅನ್ಸೋದು.” ಅವರು ಪಟ್ಟಿಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು. “ತಪ್ಪು ಮಕ್ಕಳದ್ದಲ್ಲ ಸರ್, ರೂಲಿಂದು.”

ಅಷ್ಟು ವರ್ಷಗಳ ನನ್ನ ಸೂತ್ರ ಯಲ್ಲಾಪುರದ ಒಂದು ನಗೆಗೆ ಬಿದ್ದುಹೋದದ್ದನ್ನು ನನಗೆ ಸಹಿಸಲಾಗಲಿಲ್ಲ. ಸೂತ್ರ ಬಿಡಲೊಲ್ಲೆ, ಮಕ್ಕಳನ್ನೇ ಸೂತ್ರಕ್ಕೆ ಹೊಂದಿಸುತ್ತೇನೆ ಎಂದುಕೊಂಡೆ. ಮರುದಿನದಿಂದ ಕವಾಯತು ಶುರು. ಪಾಠ ಆರಂಭವಾಗುವ ಮೊದಲು ಐದು ನಿಮಿಷ ಎಲ್ಲರೂ ಎದ್ದು ನಿಂತು ಹೇಳಬೇಕು: ಆಯಿ ಬಂದಳು, ಅವಳು ಬಂದಳು. ಅಕ್ಕ ಉಂಡಳು, ಅವಳು ಉಂಡಳು. “ಸಾಲ್ಯಾಗ ಅಷ್ಟ ಅಲ್ಲ, ಮನ್ಯಾಗೂ ಹಿಂಗ ಮಾತಾಡ್ರಿ, ತಾನ ರೂಢಿ ಆಗ್ತದ,” ಎಂದು ಹೇಳಿದೆ. ವಾರದ ಕೊನೆಯ ಕಿರುಪರೀಕ್ಷೆಯಲ್ಲಿ ವಿಚ್ ಎಲ್ಲ ಮಾಯವಾಗಿ ಹೂವೇ ಹೂವು. ಹಿಂದಿ ಅಕ್ಕೋರಿಗೆ ಪಟ್ಟಿ ತೋರಿಸಿ ಮೀಸೆ ತಿರುವಿದೆ. ಅವರು “ಹ್ಞೂಂ” ಎಂದರು, ಅಷ್ಟೇ.

ಆಯಿ ದಿನಾ ಎರಡನೇ ಪಿರಿಯಡ್ಡಿಗೆ ಒಂದೊಂದೇ ತರಗತಿಯ ಬಾಗಿಲಿಗೆ ಬಂದು ಇವತ್ತು ಊಟಕ್ಕೆ ಎಷ್ಟು ಮಂದಿ ಎಂದು ಕೇಳಿಕೊಂಡು ಹೋಗುತ್ತಿದ್ದರು. ಅಕ್ಕಿ ಅಳೆಯುವುದು ಆಮೇಲೆ. ಆ ಸೋಮವಾರವೂ ಬಂದು ಬಾಗಿಲಲ್ಲಿ ನಿಂತರು. ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, ಪಾಠ ಒಪ್ಪಿಸುವ ದನಿಯಲ್ಲಿ, “ಸರ್, ಅವಳು ಬಂದಳು,” ಎಂದಳು.

“ಶಾಭಾಶ್!” ಎಂದೆ ನಾನು. ತಿರುಗಿ ನೋಡಿದಾಗ ಆಯಿ ಮಗಳನ್ನೇ ನೋಡುತ್ತ ನಿಂತಿದ್ದರು. ಸೆರಗಿನಿಂದ ಕೈ ಒರೆಸಿಕೊಂಡರು, ಒಣಗಿದ್ದ ಕೈಯನ್ನೇ. ಲೆಕ್ಕ ಕೇಳದೆ ಹೊರಟುಹೋದರು. ಆ ದಿನ ನಮ್ಮ ತರಗತಿಗೆ ಅನ್ನ ಸಾಲದೆ ಒಂಬತ್ತನೆಯವರ ಪಾತ್ರೆಯಿಂದ ತರಿಸಬೇಕಾಯಿತು.

ಊಟ ಮುಗಿದ ಮೇಲೆ ಆಯಿ ಸ್ಟಾಫ್ ರೂಮಿನ ಹೊಸ್ತಿಲ ಹೊರಗೆ ಬಂದು ನಿಂತರು. ನಾನೊಬ್ಬನೇ ಇದ್ದೆ. “ಬರ್ರಿ ಒಳಗ,” ಎಂದೆ. ಬರಲಿಲ್ಲ.

“ಮಾಸ್ತರ್ರೇ, ಒಂದು ಮಾತು ಕೇಳಲಾ? ಬೇಜಾರ್ ಮಾಡ್ಕಳಡಿ.”

“ಹೇಳ್ರಿ ಅಕ್ಕಾರ.”

“ನಾಕೈದು ದಿನ ಆತು, ಕೂಸು ಮನೇಲಿ ಯನ್ನ ‘ಅವಳು’ ಹೇಳ್ತು. ಅವಳು ಮಿಂದಳು, ಅವಳು ಉಂಡಳು ಹೇಳಿ. ಅದರ ಅಪ್ಪಯ್ಯನ ಹತ್ರನೂ ಹಾಂಗೇ. ಬೇರೆ ಮನೆ ಹೆಂಗಸಿನ ಸುದ್ದಿ ಹೇಳ್ದಂಗೆ ಆಗ್ತು ಯಂಗೆ. ಮೊನ್ನೆ ಕ್ಲಾಸಲ್ಲಿ ನೆಗೆ ಮಾಡಿದ್ದು ಕೇಳ್ಚು. ಅದಕ್ಕೆ ಆನು ಎಂತೂ ಹೇಳದಿಲ್ಲೆ. ಯಂಗೆ ಇಂಗ್ಲಿಷ್ ಬತ್ತಿಲ್ಲೆ, ಕೂಸಿಗಾದ್ರೂ ಬರಲಿ. ಆದ್ರೆ ಅದಕ್ಕೆ ಇಂಗ್ಲಿಷ್ ಬರಕು ಹೇಳಾದ್ರೆ ಆನು ಅವಳು ಆಗವಾ?”

ಮಗಳಿಗೆ ಇಂಗ್ಲಿಷ್ ಬರಲು ತಾನು ‘ಅವಳು’ ಆಗಬೇಕೇ ಎಂದು ಆಯಿ ಕೇಳುತ್ತಿದ್ದರು. ನಾನು ಒಂದು ಸರ್ವನಾಮ ತಿದ್ದಿದ್ದೆ, ಅಷ್ಟೇ ಎಂದುಕೊಂಡಿದ್ದೆ. ಈ ಹೆಂಗಸಿನ ಮನೆಯೊಳಗೆ ಕೈ ಹಾಕಿ ಮಗಳು ತಾಯಿಯನ್ನು ಕರೆಯುವ ರೀತಿಯನ್ನೇ ಕಿತ್ತು ತಂದಿದ್ದೆ. ನಾಚಿಕೆಯಾಯಿತು. “ನೋಡ್ತೀನ್ರಿ ಅಕ್ಕಾರ,” ಎಂದಷ್ಟೇ ಹೇಳಿದೆ. ಅವರು ತಲೆ ಅಲ್ಲಾಡಿಸಿ ಹೋದರು.

ಸಮಯವೂ ಹೆಚ್ಚಿರಲಿಲ್ಲ. ಡಿಸೆಂಬರಿನಲ್ಲಿ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಇಂಗ್ಲಿಷ್ ಭಾಷಣಕ್ಕೆ ಆ ಹುಡುಗಿಯ ಹೆಸರನ್ನು ನಾನೇ ಮೊದಲು ಕೊಟ್ಟಿದ್ದೆ, ವಿಷಯ ‘ನನ್ನ ತಾಯಿ’. ಆ ನಗೆಯ ದಿನದ ಮೇಲೆ ಅವಳು ಹೆಸರು ತೆಗೆಯಲು ಹೇಳಿ ಹೋಗಿದ್ದಳು. ಬೇಕಾದರೆ ‘ಸ್ವಚ್ಛತೆ’ ಎಂಬ ವಿಷಯ ಕೊಡಿ, ಅದರಲ್ಲಿ ಮನುಷ್ಯರು ಬರುವುದಿಲ್ಲ ಎಂದಿದ್ದಳು. ಹೆಡ್‌ಮಾಸ್ತರರಿಗೆ ಕೇಳಿದರೆ, “ಎರಡಕ್ಕೂ ‘ದ್ಯಾಟ್’ ಹಾಕಿ ಬಿಡ್ರಿ, ತಕರಾರೇ ಇಲ್ಲ,” ಎಂದರು. ದ್ಯಾಟ್ ತಪ್ಪಲ್ಲ, ಜನಕ್ಕೂ ಸಾಮಾನಿಗೂ ಹೊಂದುತ್ತದೆ. ಆದರೆ ಆಯಿಗೆ ಸಲ್ಲಬೇಕಾದ ಹೂವನ್ನು ತಪ್ಪಿಸಿ ಅದನ್ನು ಕೊಟ್ಟು ನುಣುಚಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅಲ್ಲದೆ ‘ಯಾರ ಕೈ’, ‘ಯಾರ ದನಿ’ ಎಂದು ಬರೆಯಬೇಕಾದಲ್ಲಿ ದ್ಯಾಟ್ ನಡೆಯುವುದೂ ಇಲ್ಲ.

ಎರಡು ದಿನ ಬಸ್ಸಿನಲ್ಲಿ ಕುಳಿತು ಇದನ್ನೇ ಮಥಿಸಿದೆ. ಲಿಂಗ ನೋಡಿ ಎನ್ನಲೇ? ಅದು ಅವರ ಮಾತಿನಲ್ಲಿ ಕೈಕೊಡುತ್ತದೆ. ಜೀವವಿದೆಯೋ ಇಲ್ಲವೋ ನೋಡಿ ಎನ್ನಲೇ? ಆಕಳಿಗೂ ಜೀವವಿದೆ, ಅದಕ್ಕೆ ವಿಚ್. ಮೂರನೇ ದಿನ ಸೂತ್ರದ ಆಸೆ ಬಿಟ್ಟು, ಮೊದಲು ಆಯಿಗೆ ತಪ್ಪಾಯಿತು ಎಂದಾದರೂ ಹೇಳೋಣವೆಂದು ಅಡುಗೆ ಕೋಣೆಗೆ ಹೋದೆ. ಬಾಗಿಲು ಮುಚ್ಚಿತ್ತು. ಒಳಗೆ ಕುಕ್ಕರ್ ಕೂಗುತ್ತಿತ್ತು. ಬಾಗಿಲು ಬಡಿದೆ.

“ಯಾರದು?” ಎಂದರು ಆಯಿ ಒಳಗಿಂದ.

ನಾನು ಆ ಮಾತನ್ನೇ ಒಳಗೊಳಗೆ ಹೇಳಿಕೊಂಡೆ.

“ಯಾರದು ಹೇಳಿ?” ಎನ್ನುತ್ತ ಬಾಗಿಲು ತೆಗೆದರು. “ಅಯ್ಯೋ, ಮಾಸ್ತರ್ರು!”

“ಅಕ್ಕಾರ, ಈಗ ಏನಂದ್ರಿ, ಇನ್ನೊಮ್ಮೆ ಅನ್ರಿ.”

“ಎಂತ ಹೇಳ್ದೆ? ಯಾರದು ಹೇಳ್ದೆ. ತಪ್ಪಾತಾ?”

“ತಪ್ಪಲ್ರಿ. ನೀವು ನನ್ನ ನೌಕರಿ ಉಳಿಸಿದ್ರಿ.”

ಯಾರು, ಅದು. ಎರಡೂ ಒಂದೇ ಮಾತಿನಲ್ಲಿ ಪಕ್ಕಪಕ್ಕ ಕುಳಿತಿದ್ದವು. ಹೊರಗಿರುವುದು ಯಾರೆಂದು ಗೊತ್ತಿಲ್ಲದಿದ್ದರೂ ಮನುಷ್ಯರೆಂದು ಗೊತ್ತು, ಅದಕ್ಕೇ ‘ಯಾರು’. ಆ ಮೇಲೆ ಹೆದರಿಕೆಯಿಲ್ಲದೆ ‘ಅದು’. ನಾನೂ ಬಾಗಿಲು ಬಡಿದರೆ ದಿನಾ ಇದನ್ನೇ ಕೇಳುತ್ತೇನೆ, ನಮ್ಮ ಹಾನಗಲ್ಲಿನಲ್ಲೂ ಎಲ್ಲರೂ ಇದನ್ನೇ ಕೇಳುತ್ತಾರೆ. ನಾನು ಸಾಮಾನೆಂದು ಬೈದ ಆ ‘ಅದು’ ನನ್ನ ಬಾಯಲ್ಲೇ ಇಷ್ಟು ವರ್ಷ ಮನುಷ್ಯರಿಗೆ ಸಲ್ಲುತ್ತ ಬಂದಿತ್ತು. ನೋಡಬೇಕಾದದ್ದು ಉತ್ತರವನ್ನಲ್ಲ, ಪ್ರಶ್ನೆಯನ್ನು. ಆಯಿಗೆ ‘ಅದು’ ಎನ್ನುವ ಮಗುವೂ ಆಯಿಯನ್ನು ಕುರಿತು ‘ಯಾವುದು ಬಂತು’ ಎಂದು ಎಂದಿಗೂ ಕೇಳುವುದಿಲ್ಲ.

ಕುಕ್ಕರಿನ ಪಕ್ಕದಲ್ಲೇ ನಿಂತು ತಪ್ಪಾಯಿತೆಂದು ಹೇಳಿದೆ. ಅವರಿಗೆ ಸಂಕೋಚವಾಗಿ, ಬೇಡವೆಂದರೂ ಒಂದು ಲೋಟ ಮಜ್ಜಿಗೆ ಕೊಟ್ಟರು.

ಅಂದು ತರಗತಿಯಲ್ಲಿ ಹಳೆಯ ಸೂತ್ರವನ್ನು ಹಲಗೆಯ ಮೇಲೆ ಬರೆದು ಮಕ್ಕಳೆದುರೇ ಒರೆಸಿದೆ. ಹೊಸದನ್ನು ಬರೆದೆ. ಬಾಗಿಲು ಬಡಿದ ಸದ್ದಾದರೆ ಹೇಗೆ ಕೇಳುತ್ತೀರೋ ಹಾಗೆ ಕೇಳಿಕೊಳ್ಳಿ. ‘ಯಾರು’ ಎಂದು ಕೇಳುವುದಾದರೆ ಹೂ. ‘ಯಾರನ್ನು, ಯಾರಿಗೆ’ ಎಂದಾದರೆ ಹೂಮ್. ‘ಯಾರ’ ಎಂದಾದರೆ ಹೂಸ್. ‘ಎಂತದು, ಯಾವುದು’ ಎಂದಾದರೆ ಮಾತ್ರ ವಿಚ್. ಹಳೆಯದಕ್ಕಿಂತ ಇದು ಗಟ್ಟಿ. ಹಳೆಯದರಲ್ಲಿ ಹೂಮ್, ಹೂಸ್‌ಗೆ ಜಾಗವೇ ಇರಲಿಲ್ಲ, ಅವನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಆಮೇಲೆ ಆ ಹತ್ತು ವಾಕ್ಯಗಳ ಪಟ್ಟಿಗಳನ್ನೆಲ್ಲ ವಾಪಸು ತರಿಸಿ, ನನ್ನ ಪ್ರತಿ ಕೆಂಪು ಗುರುತಿನ ಪಕ್ಕ ‘ತಪ್ಪು ಮಾಸ್ತರದ್ದು’ ಎಂದು ಬರೆದು ಸಹಿ ಹಾಕಿದೆ. ಕೈ ನೋವು ಬಂತು, ಬರಲಿ ಎಂದು ಬರೆದೆ.

ಮೊದಲ ಬೆಂಚಿನ ಹುಡುಗಿ ತನ್ನ ಪಟ್ಟಿ ಹಿಡಿದು ಬಹಳ ಹೊತ್ತು ನೋಡಿದಳು. “ಹಾಂಗಾರೆ ಮನೇಲಿ ‘ಅದು’ ಹೇಳ್ಲಕ್ಕಾ ಸರ್?”

“ಹೇಳವ್ವಾ. ನಿಮ್ಮ ಆಯಿಗೆ ನೀ ಏನ್ ಅಂತಿದ್ದೆ, ಅದನ್ನ ಅನ್ನು. ನಾ ಸುಮ್ನ ನಡಕ ಬಾಯಿ ಹಾಕಿದೆ.”

ಸಂಜೆ ಬಸ್ಸಿಗೆ ಹೊರಟಾಗ ಅವಳು ಗೇಟಿನ ಹತ್ತಿರ ಕಾಯುತ್ತಿದ್ದಳು. ಗ್ಯಾದರಿಂಗಿನ ಹೆಸರು ತೆಗೆದಾಗಿದೆಯೇ ಎಂದು ಕೇಳಿದಳು. ತೆಗೆದಿಲ್ಲ ಎಂದೆ. ತೆಗೆದಿದ್ದೆ, ಆದರೆ ಮತ್ತೆ ಬರೆಯುವುದು ಎಷ್ಟರ ಕೆಲಸ?

ಭಾಷಣ ಬರೆಯಲು ಎರಡು ವಾರ ಹಿಡಿಯಿತು. ಅವಳು ಮೊದಲು ಮನೆಮಾತಿನಲ್ಲಿ ಹೇಳುವುದು, ಆಮೇಲೆ ಇಬ್ಬರೂ ಸೇರಿ ‘ಯಾರು, ಯಾರನ್ನು, ಯಾರ’ ಎಂದು ಬಾಗಿಲು ಬಡಿಯುವುದು. ‘ಆಯಿ ಅಡಿಗೆ ಮಾಡ್ತು, ಎಲ್ಲರಿಗೂ ಬಡಿಸ್ತು, ಕಡೆಗೆ ಉಣ್ತು’ ಎಂಬುದು ಒಂದು ಹೂವಿನಲ್ಲಿ ಕುಳಿತಿತು. ‘ಶಾಲೆಯ ಮಕ್ಕಳೆಲ್ಲ ಆಯಿ ಹೇಳಿ ಕರೀತ’ ಎಂಬಲ್ಲಿ ಅವಳು ಹೂ ಹಾಕಿದಳು. “ಕರಿಯೂದು ಯಾರು? ಕರಿಯೂದು ಯಾರನ್ನ?” ಎಂದು ಕೇಳಿದೆ. ಅವಳೇ ಹೊಡೆದು ಹೂಮ್ ಮಾಡಿದಳು. ‘ಅದರ ಕೈ ಯಾವಾಗ್ಲೂ ಒಗ್ಗರಣೆ ಪರಿಮಳ’ ಎಂಬುದಕ್ಕೆ ಹೂಸ್ ಬೇಕಾಯಿತು. ‘ಪರಿಮಳ’ಕ್ಕೆ ಇಂಗ್ಲಿಷ್ ಹುಡುಕಿ ಹುಡುಕಿ ಸಾಕಾಗಿ ಸ್ಮೆಲ್ ಎಂದೇ ಇಟ್ಟೆವು, ಅದಕ್ಕೆ ನನಗೆ ಇಂದಿಗೂ ಸಮಾಧಾನವಿಲ್ಲ. ಒಂದೇ ಒಂದು ಕಡೆ ವಿಚ್ ಉಳಿಯಿತು: ಆಯಿ ದಿನಾ ತಿಕ್ಕಿ ತೊಳೆದು ಬೋರಲು ಹಾಕುವ ದೊಡ್ಡ ಪಾತ್ರೆಗೆ. ಅದನ್ನು ಬರೆಯುವಾಗ ಹುಡುಗಿ ನನ್ನ ಮುಖ ನೋಡಿ ನಕ್ಕಳು. ಅಷ್ಟು ದಿನಗಳಲ್ಲಿ ಅದೇ ಮೊದಲು.

ಗ್ಯಾದರಿಂಗಿನ ದಿನ ಆಯಿ ಅತಿಥಿಗಳಿಗೆ ಚಹಾ ಕೊಡುವ ಗಡಿಬಿಡಿಯಲ್ಲಿದ್ದರು. ಮಗಳ ಹೆಸರು ಮೈಕಿನಲ್ಲಿ ಬಂದಾಗ ಕೆಟಲ್ ಕೆಳಗಿಡದೆ ಪೆಂಡಾಲಿನ ಕಂಬದ ಹತ್ತಿರ ನಿಂತುಕೊಂಡರು. ಹುಡುಗಿ ಮೊದಲ ವಾಕ್ಯಕ್ಕೆ ಬಂದಳು: “ಮೈ ಮದರ್ ಈಸ್ ಎ ಕುಕ್...” ಅಲ್ಲಿ ನಿಂತಳು. ತರಗತಿಯ ಮಕ್ಕಳೆಲ್ಲ ಮುಂದೆಯೇ ಕುಳಿತಿದ್ದರು. ಹಿಂದಿನ ಬೆಂಚಿನವನೂ ಇದ್ದ. ಯಾರೂ ನಗಲಿಲ್ಲ. ಹುಡುಗಿ ಕಂಬದ ಕಡೆ ನೋಡಿದಳು. “...ಹೂ ಗೆಟ್ಸ್ ಅಪ್ ಅರ್ಲಿ,” ಎಂದಳು. ಮತ್ತೆ ಎಲ್ಲೂ ನಿಲ್ಲಲಿಲ್ಲ. ಚಪ್ಪಾಳೆ ಮೊದಲು ಶುರುವಾದದ್ದು ಹಿಂದಿನ ಬೆಂಚಿನವನಿಂದ.

ನಾನು ಕಣ್ಣು ಒರೆಸಿಕೊಂಡೆ. ಯಾರು ನೋಡಿದರೂ ಚಿಂತೆಯಿರಲಿಲ್ಲ.

ಆಯಿ ಚಹಾ ಬಗ್ಗಿಸಿಕೊಡುತ್ತ ಸಣ್ಣ ದನಿಯಲ್ಲಿ ಕೇಳಿದರು, “ಮಾಸ್ತರ್ರೇ, ಕೂಸು ಹೇಳಿದ್ದು ಯಂಗೆ ಎಂತೂ ಅರ್ಥ ಆಜಿಲ್ಲೆ. ಹೂ ಹೂ ಹೇಳ್ತಾ ಇತ್ತಲಿ, ಅದೊಂದು ಕೇಳ್ಚು. ಎಂತ ಹೂವು?”

“ಅವು ನಿಮಗ ಕೊಟ್ಟದ್ರಿ ಅಕ್ಕಾರ,” ಎಂದೆ. “ಮನುಷ್ಯರಿಗಷ್ಟ ಕೊಡೂದು.”

ಅವರು ನಂಬಿದರೋ ಇಲ್ಲವೋ, ನಕ್ಕು ಮುಂದಿನವರಿಗೆ ಚಹಾ ಕೊಡಲು ಹೋದರು.

ಮರುದಿನ ಎರಡನೇ ಪಿರಿಯಡ್. ನಾನು ಹಲಗೆಯ ಮೇಲೆ ಹೊಸ ಪಾಠದ ಕಠಿಣ ಶಬ್ದಗಳನ್ನು ಬರೆಯುತ್ತಿದ್ದೆ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದಾಯಿತು. ಮೊದಲ ಬೆಂಚಿನಿಂದ ಹುಡುಗಿ, ಎದ್ದು ನಿಲ್ಲುವುದನ್ನೂ ಮರೆತು, “ಸರ್, ಆಯಿ ಬಂತು,” ಎಂದಳು.

ನಾನು ಬರೆಯುವುದನ್ನು ನಿಲ್ಲಿಸದೆ ಕೇಳಿದೆ, “ಬಂತಾ?”